ಊರಿಗೆ ಬಂದವರು ಮನೆಗೂ ಬರಬೇಕು



ಸಂಸಾರವನ್ನು ತೊರೆದವರು ಸಂಸಾರದ ವಿಷಯವಾಗಿ ಮಾತನಾಡುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು ನೀವು ಕೇಳುವುದಕ್ಕಿಂತ ಮೊದಲೇ ನಾವು ಕೇಳಿಕೊಂಡಿದ್ದೇವೆ. ಅದಕ್ಕೆ ನಮಗೆ ದೊರೆತ ಉತ್ತರವಿಷ್ಟೇ. ಮನೆಯುಳ್ಳವನು ತನ್ನ ಒಂದು ಮನೆಯನ್ನು ಚೆನ್ನಾಗಿ ಬಲ್ಲ; ಮನೆಯಿಲ್ಲದ ಸನ್ಯಾಸಿ ನೂರಾರು ಮನೆಗಳ ಹೊಸ್ತಿಲು ದಾಟಿ ಬರುತ್ತಾನೆ. ಶ್ರಾವಣ ಮಾಸ ಬಂದಿತೆಂದರೆ ಭಕ್ತರ ಬಿನ್ನಹದ ಮೇರೆಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಓಣಿ ಓಣಿಗಳಲ್ಲಿ ಪಾದಪೂಜೆ, ಪ್ರಸಾದಗಳಿಗಾಗಿ ನಾವು ಸಂಚರಿಸುವುದುಂಟು. ಪೂಜೆ ಮುಗಿದು ಪ್ರಸಾದ ಸಿದ್ಧವಾಗುವವರೆಗೆ ಪಡಸಾಲೆಯಲ್ಲಿ ಕುಳಿತಿರುವ ಆ ಒಂದು ತಾಸಿನಲ್ಲಿ ಕಣ್ಣಿಗೆ ಬೀಳುವುದು ಬಹಳ. ಹೀಗೆ ಕಂಡದ್ದರಲ್ಲಿ ಒಂದು ವಿಷಯವನ್ನು ಈ ಸಲ ನಿಮ್ಮ ಮುಂದಿಡಬೇಕೆಂದು ಬಯಸಿದ್ದೇವೆ. ಉದ್ಯೋಗದ ನಿಮಿತ್ತ ಊರೂರು ಅಲೆಯುವ ಗೃಹಸ್ಥನು ಮನೆಗೆ ಬಂದ ದಿನ ಮನೆಯವರೊಡನೆ ಹೇಗಿರಬೇಕು, ಮತ್ತು ಮನೆಯಲ್ಲಿಯೇ ಕುಳಿತು ನೋಡುವ ಚಲನಚಿತ್ರಕ್ಕೆ ಅದರಲ್ಲಿ ಏನಾದರೂ ಸ್ಥಾನವಿದೆಯೇ ಎಂಬುದೇ ಆ ವಿಷಯ. ಮಠದ ಪತ್ರಿಕೆಯಲ್ಲಿ ಸಿನಿಮಾದ ಮಾತೇ ಎಂದು ಹುಬ್ಬೇರಿಸುವ ಹಿರಿಯರು ಕಡೆಯವರೆಗೆ ಓದಿ ಆಮೇಲೆ ತೀರ್ಪು ಕೊಡಬೇಕೆಂದು ಕೋರುತ್ತೇವೆ.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರು ಊರುಗಳು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಒಂದೇ ರೈಲುದಾರಿಯ ಮೇಲೆ ಒಂದರ ಹಿಂದೊಂದು ಕುಳಿತಿವೆ. ಪುಣೆ-ಬೆಂಗಳೂರು ಹೆದ್ದಾರಿಯು ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳನ್ನು ಮುಟ್ಟಿಕೊಂಡು ಸಾಗುತ್ತದೆ. ಮೋಟೆಬೆನ್ನೂರಿನಲ್ಲಿ ಇಳಿದವರಿಗೆ ಬ್ಯಾಡಗಿ ದೂರವಲ್ಲ. ದಾರಿಯ ಮಗ್ಗುಲಲ್ಲಿರುವ ಊರಿನವರಿಗೆ ದಾರಿಯೇ ಅನ್ನ ಕೊಡುತ್ತದೆ. ಬ್ಯಾಡಗಿಯನ್ನೇ ನೋಡಿರಿ. ಅಲ್ಲಿಯ ಕಡ್ಡಿ ಮತ್ತು ಡಬ್ಬಿ ಎಂಬ ಮೆಣಸಿನಕಾಯಿಗಳು ಖಾರಕ್ಕಿಂತ ಕೆಂಬಣ್ಣಕ್ಕೆ ಹೆಸರಾದವು. 2011ರಲ್ಲಿ ಅವಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿತು. ಸೋಮವಾರ ಮತ್ತು ಗುರುವಾರಗಳಂದು ಪೇಟೆ ತುಂಬುತ್ತದೆ. ಬಳ್ಳಾರಿ, ರಾಯಚೂರು ಸೀಮೆಯಿಂದಲೂ ಆಂಧ್ರದಿಂದಲೂ ಚೀಲಗಳು ಬಂದು ಬೀಳುತ್ತವೆ. ಕೊಂಡ ಮಾಲು ಮಸಾಲೆಯವರಿಗೆ, ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಮಾಲು ಎಲ್ಲಿಗೆ ಹೋಗುತ್ತದೆಯೋ ವ್ಯಾಪಾರಸ್ಥನೂ ಅವನ ಗುಮಾಸ್ತನೂ ಅಲ್ಲಿಗೆ ಹೋಗಬೇಕಾಗುತ್ತದೆ. ಬಾಕಿ ವಸೂಲಿಗೆಂದು ಹೊರಟವನು ಎಂದು ಮರಳುವನೆಂಬುದು ಬಾಕಿದಾರನ ಮನಸ್ಸನ್ನು ಅವಲಂಬಿಸಿರುತ್ತದೆ.

ರಾಣೇಬೆನ್ನೂರಿನದು ಬೀಜದ ಕಾಯಕ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿಗಳು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಹೊರತಂದ ತರುವಾಯ ಕೈಯಿಂದ ಪರಾಗಸ್ಪರ್ಶ ಮಾಡಿ ಬೀಜ ಬೆಳೆಯುವ ಕಸುಬು ನಮ್ಮ ಸೀಮೆಯಲ್ಲಿ ಬೇರೂರಿತು. ಮುನ್ನಾದಿನ ಇಳಿಹೊತ್ತಿನಲ್ಲಿ ಮೊಗ್ಗಿನ ಕೇಸರಗಳನ್ನು ಬಿಡಿಸಿಡುವುದು, ಮರುದಿನ ಬೆಳಿಗ್ಗೆ ಬೇರೊಂದು ಗಿಡದ ಪರಾಗವನ್ನು ತಂದು ಹಚ್ಚುವುದು. ಹೀಗೆ ಒಂದೊಂದು ಹೂವಿಗೂ ಒಂದೊಂದು ಕೈ ತಾಗಬೇಕು. ಹತ್ತಿಯ ಜೊತೆಗೆ ಕಾಯಿಪಲ್ಲೆಯ ಬೀಜಗಳೂ ಬಂದುವು, ಕಂಪನಿಗಳು ಬಂದುವು. ಅವುಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಮೋಟಾರ್ ಸೈಕಲ್ಲಿನ ಮೇಲೆ ಹೊಲದಿಂದ ಹೊಲಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ಅಲೆಯುತ್ತಾರೆ. ಹಾವೇರಿಯ ಸಂಗತಿ ಇನ್ನೊಂದು ತೆರ. ಏಲಕ್ಕಿ ಹಾರದ ಈ ಊರು 1997ರ ಆಗಸ್ಟ್ 24ರಂದು ಜಿಲ್ಲೆಯ ಕೇಂದ್ರವಾಯಿತು. ಅದಕ್ಕೆ ಮೊದಲು ಜಿಲ್ಲಾ ಕಚೇರಿಯ ಒಂದು ಕಾಗದಕ್ಕಾಗಿ ಸುಮಾರು ನೂರು ಕಿಲೋಮೀಟರು ದೂರದ ಧಾರವಾಡಕ್ಕೆ ಹೋಗಬೇಕಾಗಿತ್ತು. ಈಗ ಆ ಅಲೆದಾಟ ತಪ್ಪಿದೆ. ಆದರೆ ಕಚೇರಿಗಳು ಬಂದಂತೆ ದಿನವೂ ಬಂದು ಹೋಗುವ ನೌಕರರು ಹೆಚ್ಚಿದ್ದಾರೆ. ಹಾವೇರಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಎಂಟು ಗಂಟೆಗೆ ನಿಂತು ನೋಡಿದರೆ ಊಟದ ಡಬ್ಬಿ ಹಿಡಿದ ಶಿಕ್ಷಕಿಯರು, ದಾದಿಯರು, ಬ್ಯಾಂಕಿನವರು ಎಷ್ಟು ಮಂದಿ ಎಂಬುದು ತಿಳಿಯುತ್ತದೆ.

ದುಡಿಮೆಗಾಗಿ ಸಂಚರಿಸುವುದನ್ನು ನಾವು ಎಂದೂ ಕೀಳೆಂದು ಬಗೆದವರಲ್ಲ. ನಮ್ಮ ಪರಂಪರೆಯಲ್ಲಿ ಜಂಗಮವೆಂಬ ಶಬ್ದಕ್ಕೆ ಚಲಿಸುವುದು ಎಂದೇ ಅರ್ಥ. ಒಂದೆಡೆ ನಿಲ್ಲದೆ ಸಂಚರಿಸುತ್ತಿದ್ದ ಹಿಂದಿನ ಜಂಗಮರು ಒಂದು ಊರಿನ ಅರಿವನ್ನು ಇನ್ನೊಂದು ಊರಿಗೆ ಮುಟ್ಟಿಸುತ್ತಿದ್ದರು. ಅವರು ಹೋದೆಡೆಯಿಂದ ಏನನ್ನಾದರೂ ತಂದು ಕೊಡುತ್ತಿದ್ದರು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಸನ್ಯಾಸಿಗಳು ಪೂರ್ವಾಶ್ರಮದ ಮಾತನ್ನು ಹೆಚ್ಚಾಗಿ ಆಡಬಾರದೆಂಬುದು ಸಂಪ್ರದಾಯ. ಆದಾಗ್ಯೂ ವಿಷಯಕ್ಕೆ ಬೇಕಾದಷ್ಟನ್ನು ಹೇಳುವುದಕ್ಕೆ ಅಡ್ಡಿಯಿಲ್ಲವೆಂದು ಭಾವಿಸುತ್ತೇವೆ. ನಮ್ಮನ್ನು ಶ್ರೀಮಠಕ್ಕೆ ಒಪ್ಪಿಸಿದಾಗ ನಮಗೆ ಒಂಬತ್ತು ವರ್ಷ. ಅಲ್ಲಿಂದ ಶಿವಯೋಗಮಂದಿರ, ಅಲ್ಲಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹೀಗೆ ವಿದ್ಯೆಯ ದಾರಿ ಹಿಡಿದೆವು. ಆ ಒಂಬತ್ತು ವರ್ಷಗಳಲ್ಲಿ ಕಂಡ ಮನೆಯೇ ನಮ್ಮ ಪಾಲಿನ ಮನೆ. ತಂದೆಯವರು ರಾಜ್ಯ ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ದರು. ಅವರ ಪಾಲಿಗೆ ಬರುತ್ತಿದ್ದುದು ಬಹುಮಟ್ಟಿಗೆ ವಸ್ತಿ ಬಸ್ಸು. ಸಂಜೆ ಊರು ಬಿಟ್ಟ ಬಸ್ಸು ಯಾವುದೋ ಹಳ್ಳಿಯ ಹನುಮಪ್ಪನ ಗುಡಿಯ ಮುಂದೆ ರಾತ್ರಿ ತಂಗಿ, ನಸುಕಿನಲ್ಲಿ ಹೊರಟು ಮರಳುತ್ತಿತ್ತು. ಒಂದು ರಾತ್ರಿ ಮನೆಯಲ್ಲಿ, ಒಂದು ರಾತ್ರಿ ಪರಸ್ಥಳದಲ್ಲಿ. ಮನೆಯಲ್ಲಿರುವ ರಾತ್ರಿ ಊಟವಾದ ಮೇಲೆ ಅವರು ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಅಜ್ಜಿ ಮೊರದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ತಾಯಿ ಅಡಿಗೆಮನೆಯ ಕೆಲಸ ತೀರಿಸಿ ಬಂದು ಬಾಗಿಲ ಹತ್ತಿರ ಕೂತ ಮೇಲೆ ತಂದೆಯವರು ಬಸ್ಸಿನಲ್ಲಿ ಕಂಡದ್ದನ್ನು ಹೇಳತೊಡಗುತ್ತಿದ್ದರು. ಟಿಕೇಟಿಗೆ ನಾಲ್ಕಾಣೆ ಕಡಿಮೆ ಬಿದ್ದ ಮುದುಕಿ, ಕೋಳಿಯನ್ನು ಸೀರೆಯ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಬಂದ ಹುಡುಗಿ, ಮದುವೆಯ ದಿಬ್ಬಣ ತಪ್ಪಿಸಿಕೊಂಡ ಬೀಗರು, ಎಲ್ಲರೂ ನಮ್ಮ ಪಡಸಾಲೆಗೆ ಬಂದು ಹೋಗುತ್ತಿದ್ದರು. ತಾಯಿ ಬಂದು ಕೂರುವ ತನಕ ಅವರು ಕಥೆ ಆರಂಭಿಸುತ್ತಿರಲಿಲ್ಲ. ನಾವು ಮಕ್ಕಳು ಅವಸರ ಮಾಡಿದರೆ, “ತಡೀರಿ, ನಿಮ್ಮವ್ವ ಬರಲಿ” ಎನ್ನುತ್ತಿದ್ದರು. ತಿಂಗಳಿಗೆ ಹದಿನೈದು ರಾತ್ರಿ ಮನೆಯಲ್ಲಿಲ್ಲದ ತಂದೆಯು ದೂರದವರೆಂದು ನಮಗೆ ಎಂದೂ ಅನ್ನಿಸಲಿಲ್ಲ. ಇಲ್ಲದಿದ್ದ ರಾತ್ರಿಗಳ ಲೆಕ್ಕವನ್ನು ಇದ್ದ ರಾತ್ರಿಗಳಲ್ಲಿ ಅವರು ಒಪ್ಪಿಸುತ್ತಿದ್ದುದೇ ಅದಕ್ಕೆ ಕಾರಣವಾಗಿರಬೇಕು.

ಅಂಥ ಮನೆಗಳಿಗೆ ಚಲನಚಿತ್ರವು ಹೇಗೆ ಬಂದಿತೆಂಬುದನ್ನು ಇನ್ನು ನೋಡೋಣ. ಮೊದಲು ನಮ್ಮ ಜನರಿಗಿದ್ದದ್ದು ಬಯಲಾಟ ಮತ್ತು ಕಂಪನಿ ನಾಟಕ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನ, ವಿದ್ಯೆಗಳಿಗಾಗಿ ನಾಟ್ಯಸಂಘವನ್ನೇ ನಡೆಸಿದ ಪಂಡಿತ ಪುಟ್ಟರಾಜ ಗವಾಯಿಗಳು ನಮ್ಮ ಹಾವೇರಿ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದವರು. ಪರದೆ, ದೀಪ, ಬಣ್ಣಗಳೆಲ್ಲ ಅಧರ್ಮವೆಂದು ಹೇಳುವವರು ಆ ಮಹನೀಯರನ್ನು ಒಮ್ಮೆ ನೆನೆಯಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡದ್ದು 1934ರಲ್ಲಿ. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಸಿನಿಮಾ ನೋಡುವುದೆಂದರೆ ಮನೆಮಂದಿಯೆಲ್ಲ ಹೊರಡುವುದು ಎಂದೇ ಅರ್ಥವಾಗಿತ್ತು. ಬಂಡಿ ಕಟ್ಟಿ, ಬುತ್ತಿ ಕಟ್ಟಿ, ಪೇಟೆಯ ಟಾಕೀಸಿಗೋ ಜಾತ್ರೆಯ ಡೇರೆಗೋ ಹೋಗಬೇಕಾಗಿತ್ತು. ನಮ್ಮ ಸೀಮೆಯ ಬಾಡ, ಕಾಗಿನೆಲೆಗಳ ಕನಕದಾಸರನ್ನು ಕುರಿತ ‘ಭಕ್ತ ಕನಕದಾಸ’ 1960ರಲ್ಲಿ ಬಂದಿತು. ಡಾ. ರಾಜಕುಮಾರರು ಕನಕದಾಸರ ಪಾತ್ರ ವಹಿಸಿದ ಆ ಚಿತ್ರವನ್ನು ನಮ್ಮವರು ತಮ್ಮೂರ ಜಾತ್ರೆಯಷ್ಟೇ ಅಭಿಮಾನದಿಂದ ನೋಡಿದರು.

ಆಮೇಲೆ ದೂರದರ್ಶನ ಬಂದಿತು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮ ಕಳುಹಿಸುವ ಪ್ರಯೋಗ ನಡೆದಾಗ ಉತ್ತರ ಕರ್ನಾಟಕದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗರು ಸಾರ್ವಜನಿಕ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ನೋಡಿದರು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಪ್ರಸಾರವಾಗತೊಡಗಿದಾಗ ಓಣಿಗೊಂದು ಪೆಟ್ಟಿಗೆ ಇದ್ದರೆ ಹೆಚ್ಚು. ಇದ್ದವರ ಮನೆಯ ಬಾಗಿಲು ತೆರೆದಿರುತ್ತಿತ್ತು, ಅಂಗಳದ ತುಂಬ ಚಪ್ಪಲಿಗಳಿರುತ್ತಿದ್ದುವು. ಗಣೇಶ ಚೌತಿಗೆ ಟೀವಿ ಮತ್ತು ವಿ.ಸಿ.ಆರ್. ಯಂತ್ರಗಳನ್ನು ಬಾಡಿಗೆಗೆ ತಂದು, ಚಂದಾ ಎತ್ತಿ, ರಾತ್ರಿಯಿಡೀ ಮೂರು ಸಿನಿಮಾ ತೋರಿಸುತ್ತಿದ್ದುದು ಈಗಿನ ಐವತ್ತು ದಾಟಿದವರಿಗೆಲ್ಲ ನೆನಪಿದೆ. 1994ರಲ್ಲಿ ಕನ್ನಡದ ಉಪಗ್ರಹ ವಾಹಿನಿ ಬಂದ ಮೇಲೆ ಪೆಟ್ಟಿಗೆ ಪ್ರತಿ ಮನೆಯ ಸ್ವತ್ತಾಯಿತು. ಓಣಿಯ ಬಾಗಿಲುಗಳು ಮುಚ್ಚಿದುವು. 2016ರ ತರುವಾಯ ಅಂತರಜಾಲದ ದರ ಇಳಿದು ಮೊಬೈಲು ಪ್ರತಿಯೊಬ್ಬರ ಅಂಗೈಗೆ ಬಂದಾಗ ಮನೆಯೊಳಗಿನ ಕೋಣೆಗಳ ಬಾಗಿಲುಗಳೂ ಮುಚ್ಚಿದುವು. ಊರಿನದಾಗಿದ್ದ ಪರದೆ ಓಣಿಯದಾಗಿ, ಮನೆಯದಾಗಿ, ಈಗ ಒಬ್ಬೊಬ್ಬರದಾಗಿದೆ. ಒಂದೇ ಮನೆಯ ಐವರು ಐದು ಚಿತ್ರ ನೋಡುತ್ತಾರೆ. ಒಬ್ಬರು ನಕ್ಕರೆ ಏಕೆ ನಕ್ಕರೆಂದು ಮಗ್ಗುಲಲ್ಲಿದ್ದವರಿಗೆ ತಿಳಿಯುವುದಿಲ್ಲ.

ಇಲ್ಲಿ ಒಂದು ಮನೆಯ ವಿಷಯವನ್ನು ಹೇಳಬೇಕು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಬೇಡ. ಮನೆಯ ಯಜಮಾನ ನಮ್ಮ ಪ್ರಸಾದ ನಿಲಯದಲ್ಲಿ ಓದಿದವನು, ರಾಣೇಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ನೌಕರ. ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ಪತ್ನಿ ಹಾವೇರಿಯ ಶಾಲೆಯೊಂದರಲ್ಲಿ ಶಿಕ್ಷಕಿ, ದಿನವೂ ಬಸ್ಸಿನಲ್ಲಿ ಹೋಗಿ ಬರುವವರು. ಹೈಸ್ಕೂಲಿಗೆ ಹೋಗುವ ಒಬ್ಬ ಮಗ. ಮತ್ತು ವಯಸ್ಸಾದ ತಂದೆ. ಆ ಹಿರಿಯರು ನಲವತ್ತು ವರ್ಷ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಪತ್ನಿ ಲಿಂಗೈಕ್ಯರಾದ ಮೇಲೆ ಅವರಿಗೆ ಮರೆವು ಹತ್ತಿತು. ನಿನ್ನೆ ಉಂಡದ್ದು ನೆನಪಿರುತ್ತಿರಲಿಲ್ಲ. ಐವತ್ತು ವರ್ಷದ ಹಿಂದಿನದು ಕಣ್ಣಿಗೆ ಕಟ್ಟಿದಂತಿರುತ್ತಿತ್ತು. ಈ ರೋಗದ ಸ್ವಭಾವವೇ ಹಾಗೆಂದು ವೈದ್ಯರು ಹೇಳುತ್ತಾರೆ. ಹೊಸ ನೆನಪು ನಿಲ್ಲುವುದಿಲ್ಲ, ಹಳೆಯದು ಬಹುಕಾಲ ಅಳಿಯುವುದಿಲ್ಲ.

ಮೂರು ವರ್ಷಗಳ ಹಿಂದೆ ಆ ಮನೆಗೆ ಪಾದಪೂಜೆಗೆ ಹೋಗಿದ್ದಾಗ ಹಿರಿಯರು ಒಂದು ಮೂಲೆಯಲ್ಲಿ ಗೋಡೆ ನೋಡುತ್ತ ಕುಳಿತಿದ್ದರು. ಹುಡುಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಳಕೋಣೆಯಲ್ಲಿದ್ದ, ತಾಯಿ ಕರೆದಾಗ ಬಂದು ನಮಸ್ಕರಿಸಿ ಮತ್ತೆ ಒಳಗೆ ಹೋದ. ಪ್ರಸಾದವಾದ ಮೇಲೆ ಯಜಮಾನ ನಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದ ಮಾತು ಇದು:

“ಅಜ್ಜಾರ, ನಾ ಮನಿಗೆ ಬಂದ್ರ ನನ್ನ ಮಗಾ ಬೀಗರು ಬಂದಂಗ ನೋಡತಾನ್ರಿ. ಬಂದು ತಾಸ ಆಗಿರೂದಿಲ್ಲ, ‘ಪಪ್ಪಾ, ಮತ್ತ ಯಾವಾಗ ಹೋಗ್ತಿ?’ ಅಂತಾನ್ರಿ. ಸಿಟ್ಟಿಲೆ ಕೇಳೂದಿಲ್ರಿ. ನಾ ಹೋಗೂದು ಅವಗ ರೂಢಿ ಆಗೇತ್ರಿ.”

ಆ ಮಾತಿಗೆ ಅಂದು ನಾವು ಸಮಾಧಾನ ಹೇಳಲಿಲ್ಲ. ಸಮಾಧಾನದಿಂದ ತೀರುವ ನೋವು ಅದಾಗಿರಲಿಲ್ಲ. ಕೆಲಸ ಬಿಡೆಂದು ಹೇಳುವುದು ಸುಲಭ. ಬಿಟ್ಟರೆ ಮನೆ ನಡೆಯುವುದು ಹೇಗೆ? ಆ ಮಾತಾಗಿ ಒಂದು ತಿಂಗಳಾಗಿರಲಿಕ್ಕಿಲ್ಲ, ಒಂದು ಗುರುವಾರ ಹಿರಿಯರು ಮನೆಯಿಂದ ಕಾಣೆಯಾದರು. ಮಗ ರಾಯಚೂರಿನ ಕಡೆಯ ಯಾವುದೋ ಹೊಲದಲ್ಲಿದ್ದ, ಸೊಸೆ ತರಗತಿಯಲ್ಲಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದ ಮೂರರವರೆಗೆ ಹುಡುಕಾಟ ನಡೆಯಿತು. ಕಡೆಗೆ ಅವರು ದೊರೆತದ್ದು ಬ್ಯಾಡಗಿಯಲ್ಲಿ, ತಾವು ದುಡಿದ ಅಂಗಡಿಯ ಕಟ್ಟೆಯ ಮೇಲೆ. ಗುರುವಾರ ಪೇಟೆಯ ದಿನ. ಹೊತ್ತಾಯಿತೆಂದು ರೈಲು ಹತ್ತಿ ಕೆಲಸಕ್ಕೆ ಹೋಗಿದ್ದರು. ಗುರುತು ಹಿಡಿದ ಹಳೆಯ ಹಮಾಲರೊಬ್ಬರು ಚಹಾ ಕುಡಿಸಿ ಕೂರಿಸಿಕೊಂಡಿದ್ದರು. ರಾಯಚೂರಿನಿಂದ ರಾತ್ರಿ ಬಂದ ಮಗ ತಂದೆಯ ಕಾಲ ಬಳಿ ಕೂತಾಗ ಆ ಹಿರಿಯರು, “ಯಾರ ಪೈಕಿ ಅಪ್ಪಾ ನೀ?” ಎಂದು ಕೇಳಿದರಂತೆ. ಮಗನಿಗೆ ತಂದೆ ಬೀಗರಾಗಿದ್ದ ಮನೆಯಲ್ಲಿ ತಂದೆಗೆ ಮಗನೂ ಬೀಗನಾದನು.

ಅದಾದ ಮೇಲೆ ಆ ಮನೆಯಲ್ಲಿ ಒಂದು ಪದ್ಧತಿ ಬಂದಿತು. ಅದನ್ನು ನಾವು ಹೇಳಿಕೊಟ್ಟದ್ದಲ್ಲ, ಮನೆಯ ಗೃಹಿಣಿ ತಾವಾಗಿ ಕಂಡುಕೊಂಡದ್ದು. ಯಜಮಾನನು ಊರಿನಲ್ಲಿರುವ ಶನಿವಾರ ರಾತ್ರಿ ಎಲ್ಲರೂ ಕೂಡಿ ಒಂದು ಸಿನಿಮಾ ನೋಡುವುದು. ಅಂದು ಒಲೆ ಹೆಚ್ಚು ಹೊತ್ತು ಉರಿಯುವುದಿಲ್ಲ. ಒಗ್ಗರಣೆ ಮಂಡಕ್ಕಿ, ಬೆಳಿಗ್ಗೆಯೇ ಮಾಡಿಟ್ಟ ರೊಟ್ಟಿ, ಮೊಸರು, ಅಷ್ಟೇ. ಮೊಬೈಲುಗಳೆಲ್ಲ ದೇವರ ಮನೆಯ ಗೂಡಿನಲ್ಲಿ. ಮೊದಲ ಸಲ ಅವರು ಹಚ್ಚಿದ್ದು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಕಾಣೆಯಾದವರ ಪ್ರಕಟಣೆಯ ಮಾತನ್ನೇ ಹೆಸರಾಗಿಸಿಕೊಂಡ ಆ ಚಿತ್ರದಲ್ಲಿ ಅನಂತನಾಗ್ ಅವರು ಮರೆವಿನ ರೋಗದ ತಂದೆಯ ಪಾತ್ರ ಮಾಡಿದ್ದಾರೆ. ಉದ್ಯೋಗದಲ್ಲಿ ಮುಳುಗಿದ ಮಗ, ಕಳೆದುಹೋದ ತಂದೆಯನ್ನು ಹುಡುಕುತ್ತಾನೆ. ಅರ್ಧಕ್ಕೆ ಯಜಮಾನನಿಗೆ ನೋಡಲಾಗಲಿಲ್ಲ, ನಿಲ್ಲಿಸಿದರು. ಮುಂದಿನ ಸಲ ಹಿರಿಯರ ಕಾಲದ ಚಿತ್ರವಿರಲೆಂದು 1972ರ ‘ಬಂಗಾರದ ಮನುಷ್ಯ’ ಹಾಕಿದರು. ಅಂದು ನಡೆದದ್ದನ್ನು ಗೃಹಿಣಿ ನಮಗೆ ಹೇಳುವಾಗ ಅವರ ಕಂಠ ತುಂಬಿ ಬಂದಿತ್ತು. ಗೋಡೆ ನೋಡುತ್ತಿದ್ದ ಹಿರಿಯರು ಪರದೆಯತ್ತ ತಿರುಗಿದರು. ಮುಂದೆ ಯಾರು ಬರುತ್ತಾರೆ, ಏನಾಗುತ್ತದೆ ಎಂಬುದನ್ನು ಆಗುವುದಕ್ಕೆ ಮೊದಲೇ ಹೇಳತೊಡಗಿದರು. ಮೊಮ್ಮಗ ಅವರ ಹತ್ತಿರಕ್ಕೆ ಸರಿದು, “ಆಮ್ಯಾಲೇನಾಗತೈತಿ ಮುತ್ಯಾ?” ಎಂದು ಕೇಳಿದ. ಹಿರಿಯರು ಅವನನ್ನು ಸ್ವಲ್ಪ ಆಚೆ ಸರಿಸಿ, “ಇಲ್ಲಿ ಜಾಗಾ ಬಿಡು, ನಿಮ್ಮಮ್ಮ ಬರತಾಳ” ಎಂದರಂತೆ. ಆ ಚಿತ್ರವನ್ನು ಹಿಂದೆ ಅವರು ಪತ್ನಿಯೊಡನೆ ನೋಡಿದ್ದರು. ಹುಡುಗ ಮಾತಾಡದೆ ಜಾಗ ಬಿಟ್ಟು ಕೂತ. ಅಲ್ಲಿಂದ ಮುಂದೆ ಪ್ರತಿ ಸಲವೂ ಆ ಜಾಗವನ್ನು ಬಿಟ್ಟೇ ಕೂರುತ್ತಿದ್ದರು.

ಓದುಗರೇ, ಸಿನಿಮಾದಿಂದ ಹಿರಿಯರ ರೋಗ ವಾಸಿಯಾಯಿತೆಂದು ನಾವು ಹೇಳುವುದಿಲ್ಲ. ಅದು ವಾಸಿಯಾಗುವ ರೋಗವಲ್ಲ. ಯಜಮಾನನ ಅಲೆದಾಟವೂ ನಿಲ್ಲಲಿಲ್ಲ. ಆದರೆ ತಂದೆ, ಮಗ, ಮೊಮ್ಮಗ ಮೂವರೂ ಭೇಟಿಯಾಗುವುದಕ್ಕೆ ಒಂದು ಸ್ಥಳ ದೊರೆಯಿತು. ಇಂದಿನ ಮಾತನ್ನು ಹಿಡಿದಿಡಲಾರದ ಹಿರಿಯರಿಗೆ ಹಳೆಯ ಚಿತ್ರವು ತಮ್ಮದೇ ಊರಿನಂತಿತ್ತು. ಉಳಿದವರು ಅವರಿದ್ದಲ್ಲಿಗೆ ಹೋಗಿ ಕೂತರು. ಮೊದಲು ‘ಯಾವಾಗ ಹೋಗ್ತಿ’ ಎನ್ನುತ್ತಿದ್ದ ಹುಡುಗ ತಂದೆಗೆ ಫೋನು ಮಾಡಿ, “ಈ ಶನಿವಾರ ಬರ್ತಿಯೋ ಇಲ್ಲೋ? ಮುತ್ಯಾಗ ಯಾವುದು ಹಚ್ಚೂಣು?” ಎಂದು ಕೇಳತೊಡಗಿದನಂತೆ.

ಸಿನಿಮಾದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅದು ಕೆಡಿಸುವ ವಸ್ತು, ಮನೆಗೆ ತರಲೇಬಾರದು ಎಂಬುದು ಒಂದು. ದುಡಿದು ದಣಿದವನಿಗೆ ಹೊತ್ತು ಕಳೆಯುವ ಸಾಧನ, ಅದರಲ್ಲಿ ವಿಚಾರ ಮಾಡುವುದೇನಿದೆ ಎಂಬುದು ಇನ್ನೊಂದು. ಎರಡನೆಯದನ್ನು ನಾವು ಹೆಚ್ಚು ಅಪಾಯಕರವೆಂದು ತಿಳಿಯುತ್ತೇವೆ. ಹೊತ್ತು ಕಳೆಯಬೇಕಾದಷ್ಟು ಹೊತ್ತು ನಮ್ಮ ಗೃಹಸ್ಥರಲ್ಲಿ ಇಲ್ಲ. ತಿಂಗಳಿಗೆ ಹತ್ತು ದಿನ ಮನೆಯಲ್ಲಿರುವವನ ಹತ್ತಿರ ಇರುವುದು ಹತ್ತು ಸಂಜೆಗಳು. ಅವುಗಳಲ್ಲಿ ಮದುವೆ, ಮುಂಜಿ, ಸಂತೆ, ಕಂಪನಿಯ ಲೆಕ್ಕಪತ್ರಗಳು ಹೋಗಲಾಗಿ ಉಳಿಯುವುದು ನಾಲ್ಕೋ ಐದೋ. ಅವನ್ನು ಕಳೆಯಬಾರದು, ಮನೆಯವರಿಗೆ ನೀಡಬೇಕು.

ಪ್ರಸಾದ ನಿಲಯದಲ್ಲಿ ಉಂಡು ಹೋದ ನಿಮಗೆ ಪಂಕ್ತಿಯ ನಿಯಮ ಚೆನ್ನಾಗಿ ಗೊತ್ತಿದೆ. ಕಟ್ಟಕಡೆಯ ಎಲೆಗೆ ಬಡಿಸುವ ತನಕ ಮೊದಲನೆಯ ಎಲೆಯವನು ತುತ್ತೆತ್ತುತ್ತಿರಲಿಲ್ಲ. ಹಸಿವು ಒಬ್ಬೊಬ್ಬರದೇ ಆದರೂ ಊಟ ಎಲ್ಲರದಾಗಿತ್ತು. ಮನೆಯಲ್ಲಿ ಚಿತ್ರ ನೋಡುವಾಗಲೂ ಆ ನಿಯಮವಿರಲಿ. ನಮ್ಮ ಎಷ್ಟೋ ತಾಯಂದಿರು ಆಯುಷ್ಯದಲ್ಲಿ ನೋಡಿದ್ದೆಲ್ಲ ಅರ್ಧರ್ಧ ಚಿತ್ರಗಳು. ಒಲೆಯ ಮೇಲಿನ ಸಾರು ಉಕ್ಕಿದಾಗ ಎದ್ದು ಹೋದವರು ತಿರುಗಿ ಬರುವಷ್ಟರಲ್ಲಿ ಕಥೆ ಮುಂದೆ ಹೋಗಿರುತ್ತದೆ; ಏನಾಯಿತೆಂದು ಕೇಳಿದರೆ ಹೇಳುವವರಿಲ್ಲ. ಹೊರಗೆ ದುಡಿದು ಬಂದ ಶಿಕ್ಷಕಿಯೂ ದಾದಿಯೂ ಮನೆಗೆ ಬಂದ ಮೇಲೆ ಅಡಿಗೆಮನೆಯ ಬಾಗಿಲಿನಿಂದಲೇ ನೋಡಬೇಕೇನು? ಅವರೂ ದಾರಿ ಸವೆಸಿ ಬಂದವರೇ. ಗಂಡಸರು ಮಂಡಕ್ಕಿಗೆ ಒಗ್ಗರಣೆ ಹಾಕುವುದನ್ನು ಕಲಿತರೆ ಯಾವ ಶಾಸ್ತ್ರಕ್ಕೂ ವಿರೋಧವಿಲ್ಲ. ತಾಯಿ ಬಂದು ಕೂತ ಮೇಲೆಯೇ ಚಿತ್ರ ಆರಂಭವಾಗಲಿ.

ಯಾವ ಚಿತ್ರವೆಂಬುದನ್ನು ಬಹುದಿನದ ಮೇಲೆ ಬಂದ ಯಜಮಾನನು ತೀರ್ಮಾನಿಸುವುದು ಬೇಡ. ಒಂದು ಸಲ ಮನೆಯ ಹಿರಿಯರು ಆರಿಸಲಿ, ಮತ್ತೊಂದು ಸಲ ಕಿರಿಯರು. ಮಗನು ಆರಿಸಿದ ಚಿತ್ರದ ಅಬ್ಬರ ನಿಮಗೆ ಸೇರದೆ ಹೋಗಬಹುದು. ಆದರೂ ಅವನ ಮನಸ್ಸು ಯಾವುದಕ್ಕೆ ಕುದಿಯುತ್ತದೆ, ಯಾವುದಕ್ಕೆ ಕರಗುತ್ತದೆ ಎಂಬುದನ್ನು ಅಷ್ಟು ಅಗ್ಗವಾಗಿ ತಿಳಿಯುವ ದಾರಿ ಇನ್ನೊಂದಿಲ್ಲ. ಹಿರಿಯರ ಪಾಳಿ ಬಂದಾಗ 1958ರ ‘ಸ್ಕೂಲ್ ಮಾಸ್ಟರ್’ ನೋಡಿರಿ. ಬಿ. ಆರ್. ಪಂತುಲು ಅವರ ಆ ಚಿತ್ರದಲ್ಲಿ ವೃದ್ಧ ದಂಪತಿಗಳನ್ನು ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಇಟ್ಟುಕೊಳ್ಳುತ್ತಾರೆ. ಅದನ್ನು ಮಕ್ಕಳೊಡನೆ ಕೂತು ನೋಡಿದ ತಂದೆತಾಯಿಗಳು ಬೇರೆ ಉಪದೇಶ ಮಾಡಬೇಕಾಗಿಲ್ಲ. ನಮ್ಮ ಜಿಲ್ಲೆಯ ಶಿಶುವಿನಹಾಳದ ಸಂತನನ್ನು ಕುರಿತು ಟಿ. ಎಸ್. ನಾಗಾಭರಣರು 1990ರಲ್ಲಿ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ವಿದೆ. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಒಂದೇ ಮನೆಯವರಂತೆ ಬಾಳಿದ ಕಥೆ ಅದು, ನಮ್ಮ ನೆಲದಲ್ಲೇ ನಡೆದದ್ದು. ಪಾಳಿಯ ಪ್ರಕಾರ ನೋಡುತ್ತ ಬಂದರೆ ಮೊಮ್ಮಗನ ಕಾಲವೂ ಮುತ್ತಜ್ಜನ ಕಾಲವೂ ಒಂದೇ ಪಡಸಾಲೆಯಲ್ಲಿ ಪರಿಚಯ ಮಾಡಿಕೊಳ್ಳುತ್ತವೆ.

ಇನ್ನೊಂದು ಮಾತು. ಚಿತ್ರ ಮುಗಿದೊಡನೆ ದೀಪ ಆರಿಸಿ ಏಳಬೇಡಿರಿ. ಒಂದು ಹತ್ತು ನಿಮಿಷ ಮಾತಾಡಿರಿ. ಹಾದಿಯಲ್ಲಿ ನೀವು ಕಂಡದ್ದನ್ನು ಹೇಳುವುದಕ್ಕೆ ಅದೇ ಸಮಯ. ರಾಯಚೂರಿನ ಹೊಲದಲ್ಲಿ ಪರಾಗ ಹಚ್ಚುವ ಹೆಣ್ಣುಮಕ್ಕಳು ಏನು ಮಾತಾಡಿಕೊಳ್ಳುತ್ತಾರೆ, ಗುಂಟೂರಿನ ಪೇಟೆಯಲ್ಲಿ ಚೀಲ ಹೊರುವವನು ಯಾವ ಊರಿನವನು, ವಸತಿಗೃಹದಲ್ಲಿ ಒಂಟಿಯಾಗಿ ಉಣ್ಣುವಾಗ ಯಾರು ನೆನಪಾದರು, ಇವನ್ನೆಲ್ಲ ನೀವು ಹೇಳದಿದ್ದರೆ ನಿಮ್ಮ ಮಕ್ಕಳಿಗೆ ಯಾರು ಹೇಳಬೇಕು? ಸಂಬಳ ಬ್ಯಾಂಕಿಗೆ ಬಂದು ಬೀಳುತ್ತದೆ. ಅದನ್ನು ತರುವುದಕ್ಕೆ ನೀವು ಮನೆಗೆ ಬರಬೇಕಾಗಿಲ್ಲ. ನೀವೇ ಬಂದು ತರಬೇಕಾದದ್ದು ಈ ಮಾತುಗಳನ್ನು.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅಲೆಯುವವರೆಲ್ಲ ತಿಂಗಳುಗಟ್ಟಲೆ ಮನೆಯಲ್ಲಿ ಉಳಿದರು. ದೂರದರ್ಶನವು ಹಳೆಯ ‘ರಾಮಾಯಣ’ವನ್ನು ಮತ್ತೆ ತೋರಿಸಿತು. ಆ ದಿನಗಳಲ್ಲಿ ಕೆಲವು ಮನೆಗಳವರು ಒಬ್ಬರಿಗೊಬ್ಬರು ಹತ್ತಿರವಾದರು. ಕೆಲವು ಮನೆಗಳಲ್ಲಿ ಒಂದೇ ಸೂರಿನಡಿ ಇದ್ದೂ ದೂರವಾದರು. ಮನೆಯಲ್ಲಿ ಎಷ್ಟು ದಿನ ಇದ್ದೆವೆಂಬುದರಿಂದಷ್ಟೇ ಸಂಸಾರ ಕೂಡುವುದಿಲ್ಲವೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು. ದಿನಗಳು ಹೆಚ್ಚಾದಾಗ ಆಗದೆ ಹೋದದ್ದು ಕೆಲ ಮನೆಗಳಲ್ಲಿ ದಿನಗಳು ಕಡಿಮೆಯಿದ್ದಾಗ ಆಗಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ರಾಣೇಬೆನ್ನೂರಿನ ಆ ಹಿರಿಯರು ಕಳೆದ ಕಾರ್ತಿಕ ಮಾಸದಲ್ಲಿ ಲಿಂಗೈಕ್ಯರಾದರು. ವಿಭೂತಿ ಧರಿಸಿ ಸಮಾಧಿಯ ಕ್ರಿಯೆಗಳನ್ನು ಮುಗಿಸಿ, ಮೂರನೆಯ ದಿನ ಯಜಮಾನನು ಮಠಕ್ಕೆ ಬಂದನು. ಬಹಳ ಹೊತ್ತು ಸುಮ್ಮನೆ ಕೂತಿದ್ದು ಕಡೆಗೆ ಹೇಳಿದನು: “ಅಜ್ಜಾರ, ಎರಡು ವರ್ಷದಾಗ ಅಪ್ಪನ ಜೋಡಿ ಮೂವತ್ತೊಂದು ಸಿನಿಮಾ ನೋಡೇನ್ರಿ. ಲೆಕ್ಕ ಇಟ್ಟೇನ್ರಿ. ಅದರ ಮೊದಲ ಇಪ್ಪತ್ತು ವರ್ಷದಾಗ ಅಪ್ಪನ ಜೋಡಿ ಎಷ್ಟು ಸಂಜಿ ಕೂತಿದ್ನಿ ಅಂತ ಕೇಳಿದ್ರ ಹೇಳಾಕ ಬರೂದಿಲ್ರಿ.” ಕಡೆಯ ಕೆಲವು ತಿಂಗಳು ಹಿರಿಯರು ಮಗನ ಹೆಸರನ್ನು ಒಮ್ಮೆಯೂ ಹೇಳಲಿಲ್ಲವಂತೆ. ಆದರೆ ಶನಿವಾರ ರಾತ್ರಿ ಅವನು ಬಾಗಿಲಲ್ಲಿ ಕಾಣಿಸಿದರೆ ತಮ್ಮ ಮಗ್ಗುಲ ಚಾಪೆಯನ್ನು ಕೈಯಿಂದ ತಟ್ಟುತ್ತಿದ್ದರಂತೆ.

ದುಡಿಮೆಗಾಗಿ ದೂರ ಹೋಗುವ ನಿಮ್ಮೆಲ್ಲರ ಕಾಯಕ ಸಫಲವಾಗಲಿ, ಹೋದ ದಾರಿ ಸುಖಕರವಾಗಲಿ. ಮುಂದಿನ ಶನಿವಾರ ನೀವು ಊರಿನಲ್ಲಿರುವುದಾದರೆ ಮನೆಯ ಹಿರಿಯರನ್ನು ಕೇಳಿರಿ, ಅವರು ಯೌವನದಲ್ಲಿ ನೋಡಿದ ಚಿತ್ರ ಯಾವುದು, ಯಾರೊಡನೆ ನೋಡಿದ್ದರು ಎಂದು. ಎಲ್ಲರೂ ಬಂದು ಕೂತ ಮೇಲೆ ಅದನ್ನು ಹಚ್ಚಿರಿ. ಶ್ರಾವಣದಲ್ಲಿ ನಿಮ್ಮ ಮನೆಗೆ ಬಂದಾಗ ಯಾವ ಯಾವ ಚಿತ್ರ ನೋಡಿದಿರೆಂದು ನಾವು ತಪ್ಪದೆ ವಿಚಾರಿಸುತ್ತೇವೆ.